ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ

ಗರ್ಭಕೋಶ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಹೆದರಲಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ದಿನವಿಡೀ ಬೇರೆಯವರ ಹೆದರಿಕೆಯನ್ನು ನೋಡಿ ನೋಡಿ ಅವಳ ಪಾಲಿನದು ಎಂದೋ ಖರ್ಚಾಗಿಹೋಗಿದೆ. ಹೆದರಿದ್ದು ನಾನು. ಅದೂ ಆಪರೇಷನ್ನಿಗಲ್ಲ, ಆಸ್ಪತ್ರೆಯ ರೂಮಿನ ಬಾಗಿಲಿಗೆ. ಆಟೋದಲ್ಲಿ ಮನೆಗೆ ಬರುವಾಗ ಅವಳು ಹೊರಗಡೆ ನೋಡಿಕೊಂಡೇ ಹೇಳಿದಳು:

"ರೂಮಲ್ಲಿ ಜೊತೇಗೆ ಒಬ್ರು ಇರ್ಲೇಬೇಕಂತೆ ಕಣೆ. ನೀನೇ ಇರ್ಬೇಕು. ಇನ್ಯಾರನ್ನ ಕರೀಲಿ ನಾನು?"

"ಇರ್ತೀನಿ ಬುಡು" ಎಂದೆ. ಅದು ಸುಳ್ಳು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಟೋದವನಿಗೆ ಮಾತ್ರ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿದ ಕೋಣೆಯ ಒಳಗೆ ನಾನು ಇರಲಾರೆ. ಲಿಫ್ಟು ಹತ್ತುವುದಿಲ್ಲ. ಬಟ್ಟೆ ಅಂಗಡಿಯ ಟ್ರಯಲ್ ರೂಮಿಗೆ ಹೋಗುವುದಿಲ್ಲ, ಅಂದಾಜಿನಲ್ಲಿ ತಂದು ಮನೆಯಲ್ಲಿ ಹಾಕಿ ನೋಡುತ್ತೇನೆ. ಕುಂಬಾರಕೊಪ್ಪಲಿನಲ್ಲಿ ನಾವಿರುವ ಮಹಡಿ ಮನೆಗೆ ಬಂದ ಹೊಸದರಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಸ್ಕ್ರೂಡ್ರೈವರ್ ಹಿಡಿದು ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿದ್ದು. ಬೀದಿ ಬಾಗಿಲೊಂದಕ್ಕೆ ಉಳಿಸಿದ್ದೇನೆ, ಕಳ್ಳಕಾಕರಿಗೆ ಹೆದರಿ. ಬಚ್ಚಲಿಗೂ ಚಿಲಕವಿಲ್ಲ. ಮನೆಗೆ ಬಂದವರು ಬಚ್ಚಲಿಗೆ ಹೋದರೆ ಹೊರಗೆ ಬರುವವರೆಗೂ ಕೆಮ್ಮುತ್ತಲೇ ಇರುತ್ತಾರೆ. ಪಾಪ, ಗಂಟಲು ಕೆಟ್ಟಿರಬೇಕು ಎಂಬಂತೆ ನಾವು ಸುಮ್ಮನಿರುತ್ತೇವೆ.

ನಾನೂ ಹೆಂಗಸು, ಅವಳೂ ಹೆಂಗಸು. ಜೊತೆಯಲ್ಲಿ ಸಂಸಾರ ಮಾಡಿಕೊಂಡು ಬಹಳ ಕಾಲವಾಯಿತು. ಕೆಳಗಿನ ಮನೆಯ ಓನರಮ್ಮನ ಲೆಕ್ಕದಲ್ಲಿ ನಾವು ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆ ಲೆಕ್ಕ ಬೇರೆ. ಅಲ್ಲಿ ನಾನು ಪ್ರೂಫ್ ನೋಡುವವಳು: ಗೈಡುಗಳು, ಸಂಘದ ಸ್ಮರಣ ಸಂಚಿಕೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ ಕಾಗದಗಳು. "ನಿಮ್ಮ ಮನೆಯವರು ಏನ್ ಮಾಡ್ತಾರೆ ಮೇಡಂ?" ಎಂದು ಯಾರಾದರೂ ಕೇಳಿದರೆ "ಲ್ಯಾಬಲ್ಲಿದ್ದಾರೆ" ಎನ್ನುತ್ತೇನೆ. ಬಂದರು, ಹೋದರು, ಅವರಿಗೆ ಬೆಂಡೆಕಾಯಿ ಸೇರೋಲ್ಲ, ಅವರು ಇವತ್ತು ಬೇಗ ಬರ್ತಾರೆ. ಕನ್ನಡದಲ್ಲಿ ಒಬ್ಬರಿಗೆ ಮರ್ಯಾದೆ ಕೊಟ್ಟುಬಿಟ್ಟರೆ ಸಾಕು, ಗಂಡೋ ಹೆಣ್ಣೋ ಎಂದು ಆಮೇಲೆ ಯಾರೂ ಕೇಳುವುದಿಲ್ಲ. 'ನಮ್ಮ ಮನೆಯವರು' ಎನ್ನುವ ಮಾತನ್ನು ಹೆಂಡತಿಯೂ ಆಡುತ್ತಾಳೆ, ಗಂಡನೂ ಆಡುತ್ತಾನೆ. ನಾನೂ ಆಡುತ್ತೇನೆ. ವ್ಯಾಕರಣ ಸರಿಯಿರುವ ಕಡೆ ತಿದ್ದುವುದು ನನ್ನ ಕೆಲಸವಲ್ಲ.

ಬಾಗಿಲಿನ ಕಾರಣವನ್ನೂ ಹೇಳಿಬಿಡುತ್ತೇನೆ. ಲಷ್ಕರ್ ಮೊಹಲ್ಲಾದಲ್ಲಿ ಕೆಳಗೆ ಅಪ್ಪನ ಸಗಟು ಅಂಗಡಿ, ಮೇಲೆ ನಮ್ಮ ಮನೆ. ಮಠಕ್ಕೆ ನಡೆದುಕೊಳ್ಳುವ ಕುಟುಂಬ, ನಾಲ್ಕು ಜನ ಕೈ ಮುಗಿಯುವ ಅಪ್ಪ. ಡಿಗ್ರಿ ಮುಗಿದ ಮೇಲೆ ಗೊತ್ತು ಮಾಡಿದ ಸಂಬಂಧ ಬೇಡವೆಂದೆ. ಯಾಕೆ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ನನ್ನನ್ನು ಉಗ್ರಾಣದ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು, ಒಪ್ಪುವ ತನಕ ಎಂದು. ಎಷ್ಟು ದಿನ ಎಂದು ನಾನು ಲೆಕ್ಕವಿಡಲಿಲ್ಲ. ಕಾರ್ತಿಕ ಸೋಮವಾರಗಳು ಬಂದವು, ಹೋದವು. ಮನೆಯವರು ಮಠಕ್ಕೆ ಹೊರಡುವ ಗಡಿಬಿಡಿ ಕೇಳಿಸುತ್ತಿತ್ತು. ಕೊನೆಗೆ ಗಂಡಿನ ಕಡೆಯವರ ಕಿವಿಗೆ ಏನೋ ಬಿದ್ದು ಅವರೇ ಬೇಡವೆಂದರು. ಒಂದು ಬೆಳಿಗ್ಗೆ ನೋಡಿದರೆ ಚಿಲಕ ತೆಗೆದಿತ್ತು. ಯಾರು ತೆಗೆದರೆಂದು ಇವತ್ತಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ನನ್ನ ಲೋಟದಲ್ಲಿ ಕಾಫಿ ಇತ್ತು, ಕುಡಿದೆ.

ಇಷ್ಟನ್ನು ನಾನು ಯಾರಿಗೆ ಬೇಕಾದರೂ ಹೇಳಬಲ್ಲೆ, ರೇಡಿಯೋದಲ್ಲಿ ಹವಾಮಾನ ವರದಿ ಓದುವವರ ಹಾಗೆ. ಅದರೊಳಗೆ ಇನ್ನೊಂದು ಚೂರು ಇತ್ತು, ಅದನ್ನು ಅವಳಿಗೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಬಾಯಿಗೆ ಬರುತ್ತಿರಲಿಲ್ಲ.

"ಯಾರಾದ್ರೂ ಕೌನ್ಸೆಲರ್ ಹತ್ರ ಮಾತಾಡು ಕಣೆ" ಎಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳು. ಈ ಸಲ ಹೇಳಲಿಲ್ಲ, ಫೋನು ತಂದು ನನ್ನ ಮುಂದೆ ಇಟ್ಟಳು. ಆಪರೇಷನ್ನಿಗೆ ಕೆಲವು ತಿಂಗಳು ಇತ್ತು, ಮೊದಲು ಅವಳ ಮೈಯಲ್ಲಿ ರಕ್ತ ಏರಬೇಕಿತ್ತು. ಅಷ್ಟರೊಳಗೆ ನಾನು ಒಂದು ಮುಚ್ಚಿದ ರೂಮಿನಲ್ಲಿ ಅವಳ ಪಕ್ಕದಲ್ಲಿ ಕೂತಿರುವಷ್ಟು ಮನುಷ್ಯಳಾಗಬೇಕಿತ್ತು.

ಆನ್‌ಲೈನೇ ಆಗಬೇಕು ಎಂದು ಹಟ ಹಿಡಿದದ್ದು ನಾನು. ಮೈಸೂರಿನಲ್ಲಿ ಎರಡು ಬೀದಿ ದಾಟಿದರೆ ನಮ್ಮಮ್ಮನ ಕಡೆಯವರು ಯಾರಾದರೂ ಸಿಗುತ್ತಾರೆ, ಸಿಕ್ಕವರು "ಏನಮ್ಮ ಈ ಕಡೆ?" ಎಂದು ಕೇಳಿಯೇ ಕೇಳುತ್ತಾರೆ. ಫೋನಿನಲ್ಲಾದರೆ ಬೆಂಚಿನ ಮೇಲೆ ಕಾಯುವ ಪ್ರಮೇಯವಿಲ್ಲ. ಹುಡುಕಿದರೆ ಜನ ಬೇಕಾದಷ್ಟಿದ್ದರು. ಎಲ್ಲರೂ ಒಂದು ಕುಂಡದ ಗಿಡದ ಪಕ್ಕ ನಿಂತು ನಗುತ್ತಿದ್ದರು. ಕನ್ನಡದ ಪುಟಗಳನ್ನು ಓದಿದರೆ ಕೈಯಲ್ಲಿರುವ ಪೆನ್ನು ತಾನಾಗಿ ಏಳುತ್ತಿತ್ತು. 'ಆಘಾತ ತಿಳಿದ ಚಿಕಿತ್ಸೆ' ಎಂದು ಒಬ್ಬರು ಬರೆದುಕೊಂಡಿದ್ದರು. ನಮ್ಮಲ್ಲಿ ಆಘಾತವೆಂದರೆ ಒಂದು ಹೃದಯಕ್ಕೆ ಆಗಬೇಕು, ಇಲ್ಲ ಕರೆಂಟಿನಿಂದ ಆಗಬೇಕು. ಇನ್ನೊಬ್ಬರು 'ಸರ್ವರನ್ನೂ ಒಳಗೊಳ್ಳುತ್ತೇವೆ' ಎಂದು ಹಾಕಿದ್ದರು. ನನ್ನನ್ನು ಒಳಗೆ ಹಾಕಿಕೊಳ್ಳುವ ಮಾತು ನನಗೆ ಅಷ್ಟು ಹಿಡಿಸಲಿಲ್ಲ.

ಮೊದಲು ಸಿಕ್ಕವರು ಬೆಂಗಳೂರಿನ ಒಬ್ಬ ಹೆಂಗಸು. ಒಳ್ಳೆಯ ದನಿ, ನಯವಾದ ಮಾತು. ವಿಡಿಯೋ ಶುರುವಾದ ಕೂಡಲೇ ಹೇಳಿದರು:

"ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ ಮೇಡಂ. ಪ್ರೈವಸಿ ಇರ್ಲಿ."

ಈ ಮಾತಿಗೆ ನಾನು ತಯಾರಿರಲಿಲ್ಲ. ಬಾಗಿಲು ಹಾಕಲಾರೆನೆಂದು ಹೇಳಿಕೊಳ್ಳಲು ಬಂದವಳಿಗೆ ಮೊದಲು ಬಾಗಿಲು ಹಾಕಿ ಬಾ ಎಂದರೆ ಏನು ಮಾಡುವುದು? "ಹಾಕಿದೀನಿ" ಎಂದೆ. ಬಾಗಿಲು ಕ್ಯಾಮೆರಾಕ್ಕೆ ಕಾಣದ ಹಾಗೆ ಫೋನು ತಿರುಗಿಸಿ ಇಟ್ಟೆ. ಮನೆಯಲ್ಲಿ ಯಾರಿದ್ದೀರಿ ಎಂದರು, "ನಾನು, ನಮ್ಮ ಮನೆಯವರು" ಎಂದೆ, ಅಭ್ಯಾಸ ಬಲದಿಂದ. ಅಲ್ಲಿಗೆ ಕೆಲಸ ಕೆಟ್ಟಿತು. ಅಲ್ಲಿಂದ ಮುಂದೆ ಅವರು ಕೇಳಿದ್ದೆಲ್ಲ ಯಜಮಾನರ ವಿಚಾರ. ಯಜಮಾನರು ಸಪೋರ್ಟ್ ಮಾಡ್ತಾರಾ, ಯಜಮಾನರು ಕೋಪ ಮಾಡ್ಕೊಳ್ತಾರಾ. ಮಾಡ್ತಾರೆ, ಇಲ್ಲ ಪಾಪ, ಒಳ್ಳೆಯವರು ಎಂದು ನಾನೂ ಹೇಳುತ್ತ ಹೋದೆ. ತಿದ್ದಬೇಕು ಎಂದುಕೊಳ್ಳುತ್ತಿದ್ದೆ. ಆದರೆ ಒಂದು ಸಲ ಬಿಟ್ಟ ತಪ್ಪನ್ನು ಎರಡನೇ ಪ್ರೂಫಿನಲ್ಲಿ ಹಿಡಿಯುವುದು ಕಷ್ಟ, ಕಣ್ಣು ಅದನ್ನು ಸರಿಯೆಂದೇ ಓದಿಬಿಡುತ್ತದೆ. ನಾನು ನೋಡಿಯೇ ಇಲ್ಲದ ಒಬ್ಬ ಗಂಡಸಿನ ಸ್ವಭಾವವನ್ನು ನಾವಿಬ್ಬರೂ ಕೂತು ಕೆಲವು ವಾರ ವಿಚಾರ ಮಾಡಿದೆವು. ಒಂದು ದಿನ ಅವರು ಬಹಳ ಕಾಳಜಿಯಿಂದ ಕೇಳಿದರು:

"ಯಜಮಾನ್ರಿಗೆ ಆಪರೇಷನ್ ಅಂದ್ರಲ್ಲ, ಯಾವ್ ಆಪರೇಷನ್ನು?"

"ಗರ್ಭಕೋಶದ್ದು" ಎಂದೆ.

ಅವರ ಮುಖ ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ, ಅವರ ಹಿಂದೆ ಫ್ಯಾನು ತಿರುಗುತ್ತಿತ್ತು. ಬಾಗಿಲ ಹೊರಗೆ ಬಟ್ಟೆ ಮಡಿಸುತ್ತಿದ್ದ ಇವಳು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಆಮೇಲೆ ನಾನು ಇದ್ದ ವಿಷಯ ಹೇಳಿದೆ. ಅವರು ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. "ಓ, ಫ್ರೆಂಡಾ" ಎಂದರು, ಇನ್ನೂ ನಯವಾಗಿ. ಮುಂದಿನ ವಾರದ ಹೊತ್ತಿಗೆ ತಂದೆತಾಯಿಗಳನ್ನು ಕ್ಷಮಿಸುವುದು ಹೇಗೆ ಎಂಬುದಕ್ಕೆ ಬಂದಿದ್ದರು. ನಾನು ಅವರನ್ನು ಅಲ್ಲಿಗೆ ಬಿಟ್ಟೆ. ಅವರ ಮೇಲೆ ಸಿಟ್ಟಿಲ್ಲ. ಯಜಮಾನರ ವಿಷಯದಲ್ಲಿ ಅವರು ಕೊಟ್ಟ ಸಲಹೆಗಳು ನಿಜಕ್ಕೂ ಚೆನ್ನಾಗಿದ್ದವು.

ಆಮೇಲೆ ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರ ಸಹಾಯಕಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಕಳಿಸಿದಳು, ಟೈಮು ಮಾತ್ರ ಕೊಡಲಿಲ್ಲ. ಇವಳ ಲ್ಯಾಬಿನಲ್ಲಿ ಯಾರೋ ಹೇಳಿದರೆಂದು ಮತ್ತೊಬ್ಬರನ್ನು ಹಿಡಿದೆ. ಈ ಹುಡುಗಿ ಇಂಗ್ಲಿಷಿನಲ್ಲೇ ಮಾತಾಡುವವಳು, ನಮ್ಮಂಥವರ ವಿಷಯದಲ್ಲಿ ಅವಳಿಗೆ ಯಾವ ತಕರಾರೂ ಇರಲಿಲ್ಲ, ಬದಲಿಗೆ ಬಹಳ ಸಂತೋಷವಿತ್ತು. ನನ್ನ ಸಂಸಾರದ ಬಗ್ಗೆ ನನಗಿಂತ ಅವಳಿಗೇ ಹೆಮ್ಮೆ ಜಾಸ್ತಿ. ಬಾಗಿಲು ಹಾಕ್ಕೊಳ್ಳಿ ಎಂದು ಅವಳೂ ಹೇಳಿದಳು. ಮೊದಲ ದಿನವೇ ಉಗ್ರಾಣದ ಕೋಣೆಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಏನನ್ನೂ ಬಿಡಬೇಡಿ, ಹೊರಗೆ ಬಂದರೇ ಹಗುರ ಎಂದಳು. ಇಂಗ್ಲಿಷಿನಲ್ಲಿ ಆ ಬಾಯಿಗೆ ಬಾರದ ಚೂರನ್ನೂ ಹೇಳುವುದು ಸಲೀಸಾಗಿತ್ತು, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ. ಹೇಳಿದೆ. ಫೋನು ಇಟ್ಟ ಮೇಲೆ ಆ ವಾರವೆಲ್ಲ ಅನ್ನದ ವಾಸನೆಗೆ ವಾಂತಿ ಬರುತ್ತಿತ್ತು. ಆ ವಾರವೇ ನಾನು ನೋಡಿ ಬಿಟ್ಟ ಒಂದು ಮದುವೆ ಕಾಗದದಲ್ಲಿ ಗಂಡಿನ ತಾತನ ಹೆಸರಿನ ಹಿಂದೆ 'ದಿವಂಗತ' ಎಂದು ಅಚ್ಚಾಗಿಹೋಯಿತು. ತಾತ ಸ್ವತಃ ಪ್ರೆಸ್ಸಿಗೆ ಬಂದು, ಕೋಲು ಊರಿಕೊಂಡು ನನ್ನ ಮೇಜಿನ ಮುಂದೆ ನಿಂತರು.

"ನಾನು ಯಾವಾಗ ಹೋದೆ ಕಣಮ್ಮ?" ಎಂದರು.

ಕಾಗದಗಳೆಲ್ಲ ಮತ್ತೆ ಅಚ್ಚಾದವು. ಮನೆಗೆ ಬಂದು ಅವಳಿಗೆ ಹೇಳಿದೆ, ಇದು ನನ್ನಿಂದ ಆಗುವ ಕೆಲಸವಲ್ಲ, ಆಸ್ಪತ್ರೆಗೆ ಯಾರಾದರೂ ಆಯಾ ಗೊತ್ತು ಮಾಡೋಣ ಎಂದು. ಅವಳು ಜಗಳವಾಡಲಿಲ್ಲ. "ಆಯ್ತು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಜಗಳವಾಡಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಆ 'ಆಯ್ತು' ನನ್ನ ಕೈಲಿ ತಡೆಯಲಾಗಲಿಲ್ಲ.

ಹಾಗೆ ಮತ್ತೆ ಹುಡುಕಿದಾಗ ಸಿಕ್ಕವರು ಧಾರವಾಡದ ಬಾಯಿ; ಆ ಕಡೆ ಅಮ್ಮಾವರಿಗೆ ಬಾಯಿ ಎನ್ನುತ್ತಾರೆ. ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ, ಹಿಂದೆ ಗಿಡ ಇಲ್ಲ, ಒಂದು ಕಪಾಟು, ಅದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗಂಟು. ಅವರು ಹೇಳುವ ಮೊದಲೇ ನಾನು ರೇಗಿಕೊಂಡು ಹೇಳಿದೆ, ಬಾಗಿಲು ಹಾಕಕ್ಕಾಗಲ್ಲ ನಂಗೆ ಎಂದು.

"ಹಾಕಬೇಕಂತ ಯಾರ್ ಹೇಳ್ಯಾರ್ರಿ?" ಎಂದರು. "ನಿಮಗ ಎಲ್ಲಿ ಕುಂತ್ರ ಹಗುರ ಅನಸ್ತದ, ಅಲ್ಲೇ ಕೂಡ್ರಿ. ಇವತ್ತ ಏನೂ ಹೇಳಬ್ಯಾಡ್ರಿ. ಮೊದಲ ನಾ ಎಂಥಾಕಿ ಅಂತ ನೋಡ್ಕೋರಿ."

ನಾನು ಫೋನು ಹಿಡಿದು ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತೆ. ದೂರದಲ್ಲಿ ಚಾಮುಂಡಿ ಬೆಟ್ಟ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಮನೆಯಲ್ಲಿ ಯಾರಿದ್ದೀರಿ ಎಂದು ಅವರೂ ಕೇಳಿದರು. "ನಾನು, ನಮ್ಮ ಮನೆಯವರು" ಎಂದೆ. ಈ ಸಲ ಅಭ್ಯಾಸ ಬಲದಿಂದಲ್ಲ, ಪರೀಕ್ಷೆ ಮಾಡಲು. ಅವರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು.

"ಅವರಿಗೆ ನಾ ಏನನ್ಲಿ? ಅಂವ ಅನ್ಲೋ, ಆಕಿ ಅನ್ಲೋ, ಇಲ್ಲಾ ಅವರು ಅಂತನ ಇರ್ಲೋ?"

ಚಹಾನೋ ಕಾಫಿನೋ ಎಂದು ಕೇಳುವ ದನಿ. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮರ್ಯಾದೆಯ ಹಿಂದೆ ಅಷ್ಟು ಚೆನ್ನಾಗಿ ಅವಿತಿದ್ದೆವು ನಾವು.

"ಆಕಿ ಅನ್ನಿ" ಎಂದೆ. ನನ್ನದಲ್ಲದ ಕನ್ನಡದಲ್ಲಿ ಹೇಳಿದ್ದಕ್ಕೋ ಏನೋ, ಸುಲಭವಾಗಿ ಬಂತು.

ಆಮೇಲೆ ವಾರವಾರವೂ ತಾರಸಿ. ಓನರಮ್ಮ ಬಟ್ಟೆ ತೆಗೆಯಲು ಬಂದು "ಮೀಟಿಂಗಾ?" ಎನ್ನುವರು, "ಹೂಂ, ಮೀಟಿಂಗು" ಎನ್ನುವೆ, ಅವರು ಹೋಗುವ ತನಕ ಧಾರವಾಡದ ಬಾಯಿ ಅಲ್ಲಿನ ಬಿಸಿಲು, ಜೋಳದ ರೊಟ್ಟಿ ಎಂದು ಏನಾದರೊಂದು ಮಾತಾಡುತ್ತಿದ್ದರು. ಕೋಣೆಯ ಕತೆ ಅವರು ಕೇಳಲೇ ಇಲ್ಲ. ಈಗ ಕೈ ತಣ್ಣಗಿದೆಯಾ ಬೆಚ್ಚಗಿದೆಯಾ, ಕಾಲು ನೆಲಕ್ಕೆ ತಾಗಿದೆಯಾ, ಇಲ್ಲಿಗೇ ಸಾಕಾ ಎಂದು ಕೇಳುತ್ತಿದ್ದರು. ಸಾಕು ಎಂದರೆ ನಿಜವಾಗಿ ಸಾಕು ಮಾಡುತ್ತಿದ್ದರು. ನನಗೆ ಮೊದಮೊದಲು ಇದೇನು ಹುಡುಗಾಟ ಎನ್ನಿಸಿತ್ತು. ಆಪರೇಷನ್ನಿನ ದಿನ ಹತ್ತಿರ ಬರುತ್ತಿದೆ, ಇವರು ನನ್ನ ಪಾದ ವಿಚಾರಿಸುತ್ತಿದ್ದಾರೆ ಎಂದು ಇವಳ ಹತ್ತಿರ ಗೊಣಗಿದೆ. ಆದರೆ ಅನ್ನ ಸೇರುತ್ತಿತ್ತು. ಮದುವೆ ಕಾಗದದ ತಾತಂದಿರೆಲ್ಲ ಕ್ಷೇಮವಾಗಿದ್ದರು.

ಒಂದು ಸಂಜೆ ಮಾತಾಡುತ್ತಿರುವಾಗ ಕೆಳಗಿನ ಮನೆಯ ಹಿತ್ತಲಿನಲ್ಲಿ ಓನರಮ್ಮ ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು. ನಾನು ಮಾತು ನಿಲ್ಲಿಸಿದೆ. ಕಾಲು ನೆಲಕ್ಕೆ ಒತ್ತಿಕೊಂಡು ನಾನಾಗಿಯೇ ಹೇಳಿದೆ, ಕನ್ನಡದಲ್ಲಿ.

ಉಗ್ರಾಣದ ಬಾಗಿಲ ಆಚೆ ಅಮ್ಮ ಕೂತಿರುತ್ತಿದ್ದಳು. ಮಧ್ಯಾಹ್ನದ ಹೊತ್ತು, ಅಪ್ಪ ಅಂಗಡಿಯಲ್ಲಿದ್ದಾಗ, ಬಾಗಿಲಿಗೆ ಆತುಕೊಂಡೇ ಕೂತು ಅಕ್ಕಿ ಕೇರುವಳು. ಮೊರದ ಸದ್ದು ಕೇಳುತ್ತಿತ್ತು, ಬಳೆಯ ಸದ್ದು ಕೇಳುತ್ತಿತ್ತು. ಚಿಲಕ ಅವಳ ಕೈಗೆ ಎಟುಕುವಷ್ಟರಲ್ಲಿತ್ತು. "ಅಮ್ಮ, ಬಾಗಿಲು ತೆಗಿ" ಎನ್ನುತ್ತಿದ್ದೆ. ಮೊರದ ಸದ್ದು ನಿಲ್ಲುತ್ತಿತ್ತು. ನಾನು ಕಾಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅದು ಮತ್ತೆ ಶುರುವಾಗುತ್ತಿತ್ತು. ದಿನಾ ಹೀಗೇ. ಅಪ್ಪ ಚಿಲಕ ಹಾಕಿದ್ದನ್ನು ನಾನು ಎಂದೋ ನುಂಗಿದ್ದೆ. ಆ ಮೊರ ಮತ್ತೆ ಶುರುವಾದದ್ದನ್ನು ನುಂಗಲಾಗಿರಲಿಲ್ಲ. ಅಮ್ಮ ನನ್ನ ಮಾತು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಅಕ್ಕಿ ಕೇರಿದಳು.

ಧಾರವಾಡದ ಬಾಯಿ ಅಯ್ಯೋ ಪಾಪ ಎನ್ನಲಿಲ್ಲ. ಒಂದೇ ಮಾತು ಕೇಳಿದರು:

"ಆಮ್ಯಾಲೆ ಯಾವತ್ತರ ಯಾರಿಗರ ಬಾಗಲಾ ತಗೀರಿ ಅಂತ ಕೇಳೀರೇನು?"

ಯೋಚನೆ ಮಾಡಿದೆ. ಇಲ್ಲ. ಕೇಳುವ ಸಂದರ್ಭವೇ ಬಾರದ ಹಾಗೆ ಬದುಕಿದ್ದೆ. ಆಗ ಅವರು ಒಂದು ಅಭ್ಯಾಸ ಕೊಟ್ಟರು. ನಾನು ರೂಮಿನೊಳಗೆ ಕೂರುವುದು, ಆಕಿ ಹೊರಗಿನಿಂದ ಬಾಗಿಲು ಎಳೆದುಕೊಳ್ಳುವುದು, ನನಗೆ ಸಾಕೆನಿಸಿದಾಗ ಬಾಯಿಬಿಟ್ಟು ತೆಗಿ ಎಂದು ಕೇಳುವುದು. ಕೇಳಿದ ಕೂಡಲೇ ತೆಗೆಯಬೇಕು, ಕೇಳುವ ಮೊದಲು ತೆಗೆಯಕೂಡದು. ಸುಲಭವಾಗಿ ಕಂಡಿತು. ಆದರೆ ಇವಳಿಂದ ಆಗಲಿಲ್ಲ. ಬಾಗಿಲು ಎಳೆದವಳು ಅರೆಗಳಿಗೆಯಲ್ಲಿ ತಾನೇ ತೆಗೆದು "ಏನಾದ್ರೂ ಆಯ್ತಾ?" ಎಂದು ಇಣುಕುವಳು. ಬೈದೆ. "ಇನ್ನೊಂದ್ಸಲ ಕಣೆ, ಈ ಸಲ ತೆಗಿಯಲ್ಲ" ಎಂದು ಆಣೆ ಮಾಡುವಳು. ಮತ್ತೆ ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಧಾರವಾಡಕ್ಕೆ ವರದಿ ಮಾಡಿದೆವು. ಅವರು ಕನ್ನಡಕ ತೆಗೆದು ನಕ್ಕರು.

"ಆಕಿ ಭಾಳ ಒಳ್ಳೇಕಿ ಇದ್ದಾಳ್ರಿ. ಈ ಕೆಲಸಕ್ಕ ಉಪಯೋಗಿಲ್ಲ."

ಹೀಗೆ ಅಭ್ಯಾಸ ಪೂರ್ತಿಯಾಗದೆಯೇ ಆಪರೇಷನ್ನಿನ ದಿನ ಬಂತು. ಆಪರೇಷನ್ ಸರಿಯಾಗಿ ಆಯಿತು. ಮಧ್ಯಾಹ್ನ ಅವಳನ್ನು ರೂಮಿಗೆ ತಂದು ಮಲಗಿಸಿದರು. ಅವಳಿಗೆ ಇನ್ನೂ ಮಂಪರು, ನಾಲಿಗೆ ತೊದಲುತ್ತಿತ್ತು, ಆಮೇಲೆ ಅದೂ ನಿಂತು ನಿದ್ದೆ ಹತ್ತಿತು. ನಾನು ಸ್ಟೂಲಿನ ಮೇಲೆ ಅವಳ ಕೈ ಹಿಡಿದು ಕೂತಿದ್ದೆ. ಬಾಗಿಲು ತೆರೆದೇ ಇತ್ತು, ನಾನು ಬಂದ ಕೂಡಲೇ ಚಪ್ಪಲಿ ಅಡ್ಡ ಇಟ್ಟಿದ್ದೆ. ನರ್ಸ್ ಹುಡುಗಿಯೊಬ್ಬಳು ಬಂದು ಡ್ರಿಪ್ ನೋಡಿದಳು, ಹೋಗುವಾಗ ಚಪ್ಪಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬಾಗಿಲು ಎಳೆದುಕೊಂಡಳು. ಎದ್ದು ನೋಡಿದರೆ ಒಳಗಡೆಯ ಹಿಡಿ ಇರಲಿಲ್ಲ. ಎಂದೋ ಕಿತ್ತುಹೋಗಿ ಅಲ್ಲಿ ಬರೀ ತೂತುಗಳಿದ್ದವು.

ಇವಳನ್ನು ಎಬ್ಬಿಸೋಣವೆಂದರೆ ಹೊಲಿಗೆ ಹಾಕಿದ ಹೊಟ್ಟೆ. ಕಾಲನ್ನು ನೆಲಕ್ಕೆ ಒತ್ತಿದೆ. ಬಾಗಿಲ ಆಚೆ ಆ ಹುಡುಗಿ ಇನ್ನೂ ಇದ್ದಳು, ಟ್ರೇಯಲ್ಲಿ ಸೀಸೆ, ಕತ್ತರಿಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಮತ್ತೆ ತೆರೆದೆ.

"ಸಿಸ್ಟರ್, ಬಾಗಿಲು ತೆಗೀರಿ!"

ಇಡೀ ವಾರ್ಡಿಗೆ ಕೇಳುವಷ್ಟು ಜೋರಾಗಿ ಬಂತು. ಟ್ರೇಯ ಸದ್ದು ನಿಂತಿತು.

ಬಾಗಿಲು ತೆರೆಯಿತು. ಹುಡುಗಿ ಕತ್ತರಿ ಹಿಡಿದುಕೊಂಡೇ ಒಳಗೆ ಬಂದಳು, ಮೊದಲು ಇವಳ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಏನಾಯ್ತಕ್ಕ? ಪೇಷೆಂಟ್ ಚೆನ್ನಾಗೇ ಮಲ್ಗವ್ರಲ್ಲ. ನೀವ್ಯಾಕೆ ಅಳ್ತಿದ್ದೀರಿ?"

"ಏನಿಲ್ಲ ಕಣಮ್ಮ" ಎಂದೆ. ಕಣ್ಣೊರೆಸಿಕೊಳ್ಳಲು ಹೋದೆ, ಆಗಲಿಲ್ಲ, ಅಷ್ಟು ಸುರಿಯುತ್ತಿತ್ತು. "ಕೇಳಿದ್ ತಕ್ಷಣ ತೆಗೆದ್ಬುಟ್ಯಲ್ಲ, ಅದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. ಬಾಗಿಲು ಮುಚ್ಚಿಕೊಳ್ಳದ ಹಾಗೆ ಕಸದ ಡಬ್ಬಿಯನ್ನು ಎಳೆದು ಅಡ್ಡ ಇಟ್ಟು, ಹೊರಗೆ ಹೋಗುತ್ತ ಹೇಳಿದಳು:

"ಕೇಳಿದ್ರೆ ತೆಗೀದೆ ಇನ್ನೇನ್ ಮಾಡ್ತಾರಕ್ಕ?"